ವೇಲ್ಸ್‌ನ ಕೋಟೆಯಂಥ ಚರ್ಚುಗಳು: ನೋಡಲು ಹೋಗುವ ಮುಂಚೆ

ಕಾರ್ಡಿಫ್, ಬ್ರಿಸ್ಟಲ್ ಕಡೆ ಇರುವ ನಮ್ಮವರು ರಜೆ ಸಿಕ್ಕರೆ ವೇಲ್ಸ್‌ನ ಕೋಟೆಗಳನ್ನು ನೋಡಲು ಹೋಗುತ್ತಾರೆ. ಪಕ್ಕದಲ್ಲೇ ಇರುವ ಹಳ್ಳಿ ಚರ್ಚಿನೊಳಗೆ ಕಾಲಿಡುವವರು ಕಡಿಮೆ. ನಾವು ಒಳಗೆ ಹೋಗಬಹುದಾ ಎಂಬ ಸಂಕೋಚ. ಖಂಡಿತ ಹೋಗಬಹುದು. ಯಾವ ಧರ್ಮ ಎಂದು ಯಾರೂ ಕೇಳುವುದಿಲ್ಲ.

ಸ್ಕೆನ್‌ಫ್ರಿತ್‌ನಿಂದ ಶುರು ಮಾಡಿ. ಇಂಗ್ಲೆಂಡ್ ಗಡಿಗೆ ಅಂಟಿದಂತಿರುವ ಮಾನ್‌ಮತ್‌ಶೈರ್‌ನ ಪುಟ್ಟ ಹಳ್ಳಿ ಅದು. ನಾರ್ಮನ್ ದೊರೆಗಳಿಗೂ ವೇಲ್ಸ್ ಜನರಿಗೂ ಕಾದಾಟ ನಡೆಯುತ್ತಿದ್ದ ಸೀಮೆ. ಅಲ್ಲಿನ ಸೇಂಟ್ ಬ್ರಿಜೆಟ್ ಚರ್ಚಿನ ಗೋಪುರ ಕುಳ್ಳಗೆ, ದಪ್ಪಗಿದೆ. ಗೋಡೆಯೇ ಸುಮಾರು 5 ಅಡಿ ದಪ್ಪ! ದಾಳಿಯಾದಾಗ ಊರಿನವರು ಇಂಥ ಗೋಪುರದೊಳಗೆ ಸೇರಿಕೊಳ್ಳಬಹುದಿತ್ತು. ದೊರೆಗೆ ಅಲ್ಲೇ ಹತ್ತಿರ ಕೋಟೆಯಿತ್ತು. ರೈತನಿಗೆ ಇದ್ದದ್ದು ಈ ಗೋಪುರ. ಅದಕ್ಕೇ ನನಗೆ ಕೋಟೆಗಿಂತ ಇದರ ಮೇಲೆ ಪ್ರೀತಿ ಜಾಸ್ತಿ.

ಬ್ರಿಜೆಂಡ್ ಹತ್ತಿರದ ಎವೆನಿಯದು ಬೇರೆ ಕಥೆ. 1141ರಲ್ಲಿ ಅದು ಬೆನೆಡಿಕ್ಟೈನ್ ಸನ್ಯಾಸಿಗಳ ಮಠವಾಯಿತು. ಸುತ್ತ ಎತ್ತರದ ಗೋಡೆ, ಹೆಬ್ಬಾಗಿಲು, ಗೋಪುರದ ತಲೆಯ ಮೇಲೆ ಕೋಟೆತೆನೆ. ಇಲ್ಲಿ ಒಂದೇ ಸೂರಿನಡಿ ಎರಡು ಆಡಳಿತ. ಮುಂಭಾಗ ಇಂದಿಗೂ ಊರಿನ ಚರ್ಚ್. ಹಿಂಭಾಗವನ್ನು ನೋಡಿಕೊಳ್ಳುವುದು ವೇಲ್ಸ್ ಸರ್ಕಾರದ ಪುರಾತತ್ವ ಇಲಾಖೆ. ಅದರ ಹೆಸರು Cadw, ಉಚ್ಚಾರ ಹೆಚ್ಚುಕಡಿಮೆ ‘ಕಾದು’. ವೆಲ್ಷ್ ಭಾಷೆಯಲ್ಲಿ ಕಾಪಾಡು ಎಂದರ್ಥ. ನಮ್ಮ ‘ಕಾದು’ವಿಗೆ ನಂಟಿಲ್ಲ, ಆದರೂ ಕೇಳಿದರೆ ಖುಷಿಯಾಗುತ್ತದೆ ಅಲ್ವಾ? ಪಕ್ಕದ ದೊಡ್ಡ ಮನೆ ಖಾಸಗಿ, ಅತ್ತ ಹೋಗಬೇಡಿ.

ಇಂಥ ಹಳೆಯ ಹಳ್ಳಿ ಚರ್ಚುಗಳು ಬಹುಪಾಲು ‘ಚರ್ಚ್ ಇನ್ ವೇಲ್ಸ್’ ಎಂಬ ಧಾರ್ಮಿಕ ಸಂಸ್ಥೆಗೆ ಸೇರಿವೆ. 1920ರಿಂದ ಅದು ಸರ್ಕಾರಿ ಚರ್ಚ್ ಅಲ್ಲ. ನಮ್ಮ ಮುಜರಾಯಿಯಂಥ ಇಲಾಖೆ ಇಲ್ಲಿಲ್ಲ. ಸೋರುವ ಸೂರಿಗೂ ದುಡ್ಡು ಕೂಡಿಸಬೇಕಾದವರು ಭಾನುವಾರ ಪ್ರಾರ್ಥನೆಗೆ ಬರುವ ಬೆರಳೆಣಿಕೆಯ ಜನ. ಆದ್ದರಿಂದ ಕಾಣಿಕೆ ಡಬ್ಬಿಗೆ ಏನಾದರೂ ಹಾಕಿ. ಪಕ್ಕದಲ್ಲಿ ‘ಗಿಫ್ಟ್ ಏಡ್’ ಲಕೋಟೆ ಇದ್ದರೆ ಸುಮ್ನೆ ಬಿಡಬೇಡಿ. ನೀವು ಇಲ್ಲಿ ಆದಾಯ ತೆರಿಗೆ ಕಟ್ಟುತ್ತಿದ್ದರೆ ಹೆಸರು, ವಿಳಾಸ ಬರೆದುಕೊಡಿ. ನಿಮ್ಮ ಪ್ರತಿ 1 ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ನಿಮಗೆ ಹೆಚ್ಚಿನ ಖರ್ಚಿಲ್ಲ.

ಬಾಗಿಲಿಗೆ ಬೀಗವಿದ್ದರೆ ಮುಂಭಾಗದ ಜಗಲಿಯ ನೋಟಿಸ್ ಬೋರ್ಡ್ ನೋಡಿ. ಕೀಲಿ ಯಾರ ಬಳಿ ಇದೆ, ಯಾರಿಗೆ ಫೋನ್ ಮಾಡಬೇಕು ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಚಪ್ಪಲಿ ಬಿಚ್ಚಬೇಕಿಲ್ಲ. ಗಂಡಸರು ಟೋಪಿ ತೆಗೆಯುವುದು ವಾಡಿಕೆ. ಪ್ರಾರ್ಥನೆ, ಮದುವೆ, ಶವಸಂಸ್ಕಾರ ನಡೆಯುತ್ತಿದ್ದರೆ ಹೊರಗೆ ಕಾಯಿರಿ. ಸಮಾಧಿಗಳ ಮೇಲೆ ಮಕ್ಕಳನ್ನು ಹತ್ತಿಸಬೇಡಿ.

ಹೊರಡುವಾಗ ಬಾಗಿಲನ್ನು ಸರಿಯಾಗಿ ಎಳೆದು ಚಿಲಕ ಹಾಕಿ. ಇಲ್ಲದಿದ್ದರೆ ಹಕ್ಕಿ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಮುಂದಿನ ಭಾನುವಾರದವರೆಗೂ ಆ ಬಾಗಿಲು ತೆಗೆಯಲು ಯಾರೂ ಬರದೇ ಇರಬಹುದು.