ಅಂಗಳದಿಂದ ಕ್ಷುದ್ರಗ್ರಹದ ಚಂದ್ರನನ್ನು ಹಿಡಿಯುವುದು: ಉಡುಪಿಯ ಅನುಭವ

8 ಇಂಚಿನ ದೂರದರ್ಶಕದಲ್ಲಿ ಕ್ಷುದ್ರಗ್ರಹದ ಚಂದ್ರ ಕಾಣಿಸುತ್ತದೆಯೇ ಎಂದು ಕೇಳಿದರೆ ಉತ್ತರ, ಇಲ್ಲ. ಸಿಲ್ವಿಯಾ ಎಂಬ ದೊಡ್ಡ ಕ್ಷುದ್ರಗ್ರಹದ ಹೊರಗಿನ ಚಂದ್ರ ರೋಮುಲಸ್ ಸುಮಾರು 1,360 ಕಿ.ಮೀ. ದೂರದಲ್ಲಿ ಸುತ್ತುತ್ತದೆ. ಸಿಲ್ವಿಯಾ ನಮಗೆ ತೀರ ಹತ್ತಿರ ಬಂದಾಗಲೂ ಈ ಅಂತರ ಒಂದು ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗ) ಕೂಡ ಆಗುವುದಿಲ್ಲ. ಮೇಲಾಗಿ ಸಿಲ್ವಿಯಾದ ಬೆಳಕು ರೋಮುಲಸ್‌ನದಕ್ಕಿಂತ ನೂರಾರು ಪಟ್ಟು ಹೆಚ್ಚು. ನಮ್ಮ ಕರಾವಳಿಯ ಗಾಳಿಯಲ್ಲಾದರೆ ಒಂದು ನಕ್ಷತ್ರವೇ 3 ಆರ್ಕ್‌ಸೆಕೆಂಡ್ ಅಗಲಕ್ಕೆ ಹರಡಿಕೊಳ್ಳುತ್ತದೆ. 1998ರಲ್ಲಿ ಯೂಜೀನಿಯಾ ಎಂಬ ಕ್ಷುದ್ರಗ್ರಹದ ಚಂದ್ರನನ್ನು ನೆಲದಿಂದ ಚಿತ್ರಿಸಲು ಹವಾಯಿಯ 3.6 ಮೀಟರ್ ದೂರದರ್ಶಕ ಬೇಕಾಯಿತು, ಜೊತೆಗೆ ಗಾಳಿಯ ನಡುಕವನ್ನು ಕ್ಷಣಕ್ಷಣಕ್ಕೂ ಸರಿಪಡಿಸುವ ಅಡಾಪ್ಟಿವ್ ಆಪ್ಟಿಕ್ಸ್ ಕೂಡ.

ಅಂಗಳದಲ್ಲಿ ಕೂತು ಮಾಡಬಹುದಾದದ್ದು ಬೇರೆ. ಜೋಡಿ ಒಂದೇ ಚುಕ್ಕೆಯಾಗಿ ಕಂಡರೂ ಒಂದು ಇನ್ನೊಂದನ್ನು ಮರೆಮಾಡಿದಾಗ, ಅಥವಾ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದಾಗ, ಒಟ್ಟು ಬೆಳಕು ತುಸು ಕುಗ್ಗುತ್ತದೆ. ಆ ತಗ್ಗನ್ನು ಅಳೆಯಬೇಕು. ಚಂದ್ರ ಪೂರ್ತಿ ಮರೆಯಾದಾಗ ತಗ್ಗು 0.05 ಕಾಂತಿಮಾನ (ಹೊಳಪಿನ ಅಳತೆ; 0.01 ಅಂದರೆ ಸುಮಾರು ಶೇಕಡಾ 1) ಇದ್ದರೆ ಚಂದ್ರನ ವ್ಯಾಸ ಮುಖ್ಯ ಕಾಯದ ಸುಮಾರು 0.22 ಭಾಗ, 0.10 ಇದ್ದರೆ 0.31 ಭಾಗ. ಅಂದರೆ ಶೇಕಡಾ 1ರ ನಿಖರತೆ ರಾತ್ರಿಯಿಡೀ ನಿಲ್ಲಬೇಕು. ಮುಂದೆ ಹೇಳುವುದೆಲ್ಲ ಆ ಶೇಕಡಾ ಒಂದಕ್ಕಾಗಿ ಮಾಡುವ ಒದ್ದಾಟ.

ನಾನು ಬಳಸುವುದು 200 ಮಿ.ಮೀ. ವ್ಯಾಸ, 1,000 ಮಿ.ಮೀ. ಸಂಗಮದೂರದ ನ್ಯೂಟೋನಿಯನ್ (ಕನ್ನಡಿ ದೂರದರ್ಶಕ), ಚಿತ್ರದ ಅಂಚಿನ ನಕ್ಷತ್ರಗಳ ಬಾಲ ತೆಗೆಯುವ ಕೋಮಾ ಕರೆಕ್ಟರ್, ಆಕಾಶದ ಜೊತೆಗೇ ದೂರದರ್ಶಕವನ್ನು ತಿರುಗಿಸುವ ಜರ್ಮನ್ ಈಕ್ವಟೋರಿಯಲ್ ಮೌಂಟ್, ತಂಪುಗೊಳಿಸುವ ಮೊನೋ (ಕಪ್ಪುಬಿಳುಪು) ಕ್ಯಾಮೆರಾ. ಕ್ಯಾಮೆರಾದ ಪಿಕ್ಸೆಲ್ 3.76 ಮೈಕ್ರಾನ್. 206.265ನ್ನು ಪಿಕ್ಸೆಲ್ ಅಳತೆಯಿಂದ ಗುಣಿಸಿ ಸಂಗಮದೂರದಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ಗೆ 0.78 ಆರ್ಕ್‌ಸೆಕೆಂಡ್. 2×2 ಬಿನ್ ಮಾಡಿದರೆ, ಅಂದರೆ ನಾಲ್ಕು ಪಿಕ್ಸೆಲ್ ಸೇರಿಸಿ ಒಂದಾಗಿಸಿದರೆ, 1.55. ಮೂರು ಆರ್ಕ್‌ಸೆಕೆಂಡಿನ ನಕ್ಷತ್ರ ಎರಡು ಪಿಕ್ಸೆಲ್ ತುಂಬುತ್ತದೆ, ಬೆಳಕು ಅಳೆಯಲು ಅಷ್ಟು ಸಾಕು. ಚಿತ್ರದ ಅಗಲ ಸುಮಾರು 39 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಅಂದರೆ 60 ಆರ್ಕ್‌ಸೆಕೆಂಡ್). ಮುಖ್ಯ ಪಟ್ಟಿಯ ಕ್ಷುದ್ರಗ್ರಹ ಸೂರ್ಯನಿಗೆ ಎದುರಾಗಿರುವ ದಿನಗಳಲ್ಲಿ ನಿಮಿಷಕ್ಕೆ ಸರಿಸುಮಾರು 0.6 ಆರ್ಕ್‌ಸೆಕೆಂಡ್ ಸರಿಯುವುದರಿಂದ ರಾತ್ರಿಯಿಡೀ ಐದಾರು ಆರ್ಕ್‌ಮಿನಿಟ್ ಮಾತ್ರ ದಾಟುತ್ತದೆ. ಹಾಗಾಗಿ ಸಂಜೆ ಆರಿಸಿದ ಹೋಲಿಕೆಯ ನಕ್ಷತ್ರಗಳೇ ಬೆಳಗಿನವರೆಗೂ ಸಿಗುತ್ತವೆ. ಇದು ದೊಡ್ಡ ಅನುಕೂಲ.

ತಾರಸಿಗಿಂತ ಅಂಗಳವೇ ಮೇಲು. ತಾರಸಿಯ ಕಾಂಕ್ರೀಟು ನಡುರಾತ್ರಿಯವರೆಗೆ ಬಿಸಿ ಉಗುಳುತ್ತದೆ, ಯಾರಾದರೂ ಮೆಟ್ಟಿಲು ಹತ್ತಿದರೂ ಚಿತ್ರ ಅಲುಗುತ್ತದೆ. ಆದರೆ ಅಂಗಳದಲ್ಲಿ, ಮೌಂಟಿನ ಅಕ್ಷ ಹೊಂದಿಸಲು ನೋಡಬೇಕಾದ ಧ್ರುವ ನಕ್ಷತ್ರದ ತೊಂದರೆ. ನಮ್ಮಲ್ಲಿ ಅದರ ಎತ್ತರ ಬರೀ 13 ಡಿಗ್ರಿ. ಬಡಗು ದಿಕ್ಕಿನಲ್ಲಿ ಒಂದೇ ಒಂದು ತೆಂಗಿನಮರ ಇದ್ದರೂ ಕೆಲಸ ಕೆಟ್ಟಿತು. ಪೋಲಾರ್ ಸ್ಕೋಪ್ ನೆಚ್ಚಿಕೊಳ್ಳದೆ, ಆಕಾಶದ ಬೇರೆ ಭಾಗದ ಮೂರು ಚಿತ್ರಗಳನ್ನು ಪ್ಲೇಟ್ ಸಾಲ್ವ್ ಮಾಡಿ (ನಕ್ಷತ್ರಗಳನ್ನು ಪಟ್ಟಿಯೊಂದಿಗೆ ಹೋಲಿಸಿ ಚಿತ್ರದ ಜಾಗ ಗುರುತಿಸಿ) ಅಕ್ಷ ಸರಿಪಡಿಸುವ ತಂತ್ರಾಂಶವನ್ನೇ ಬಳಸುತ್ತೇನೆ.

ನಮ್ಮ ಅಕ್ಷಾಂಶದ ಲಾಭವೂ ಇದೆ. ಡಿಸೆಂಬರ್, ಜನವರಿಯಲ್ಲಿ ಎದುರಾಗುವ ಕ್ಷುದ್ರಗ್ರಹಗಳು ನೆತ್ತಿಯ ಹತ್ತಿರವೇ ಹಾದುಹೋಗುತ್ತವೆ. 30 ಡಿಗ್ರಿಗಿಂತ ಮೇಲೆ ಎಂಟು ಗಂಟೆಗೂ ಸ್ವಲ್ಪ ಹೆಚ್ಚು ಕಾಲ ಸಿಗುತ್ತವೆ. ಅದಕ್ಕಿಂತ ಕೆಳಗಿನ ಚಿತ್ರಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕಡಲಿನ ಮಬ್ಬು ಅಲ್ಲಿ ಎಲ್ಲವನ್ನೂ ಕೆಡಿಸುತ್ತದೆ. ಇದೇ ಮಬ್ಬಿನ ಕಾರಣಕ್ಕೆ ಕೆಂಪು ಬಣ್ಣದ ಫೋಟೊಮೆಟ್ರಿ (ಬೆಳಕಿನ ಅಳತೆಯ) ಫಿಲ್ಟರ್ ಹಾಕುತ್ತೇನೆ. ಅರ್ಧದಷ್ಟು ಬೆಳಕು ಹೋಗುತ್ತದೆ ನಿಜ, ಆದರೆ ನೀಲಿ ನಕ್ಷತ್ರವೂ ಕೆಂಪು ನಕ್ಷತ್ರವೂ ಬೇರೆ ಬೇರೆ ಪ್ರಮಾಣದಲ್ಲಿ ಮಂಕಾಗುವ ತಲೆನೋವು ತಪ್ಪುತ್ತದೆ.

ಇಬ್ಬನಿಯ ವಿಷಯದಲ್ಲಿ ಮಾತ್ರ ಉಡಾಫೆ ಮಾಡಬೇಡಿ. ನ್ಯೂಟೋನಿಯನ್‌ನಲ್ಲಿ ಮೊದಲು ಬೆವರುವುದು ಮೇಲಿನ ಚಿಕ್ಕ ಕನ್ನಡಿ, ಅದೂ ನಸುಕಿನ ಮೂರು ಗಂಟೆಯ ಹೊತ್ತಿಗೆ. ಎಲ್ಲ ನಕ್ಷತ್ರಗಳ ಬೆಳಕಿನ ಎಣಿಕೆ ಒಟ್ಟಿಗೆ ನಿಧಾನಕ್ಕೆ ಇಳಿಯತೊಡಗಿದರೆ ಅದೇ ಕಾರಣ. ಕನ್ನಡಿಯ ಹಿಂದೆ ಸಣ್ಣ ಹೀಟರ್ ಅಂಟಿಸಿ, ಕೊಳವೆಯ ಬಾಯಿಗೆ ಯೋಗ ಮ್ಯಾಟ್ ಸುತ್ತಿ 30 ಸೆಂ.ಮೀ. ಮುಂದಕ್ಕೆ ಚಾಚಿದರೆ ಬೆಳಗಿನವರೆಗೆ ತಡೆಯುತ್ತದೆ. ಕ್ಯಾಮೆರಾವನ್ನು ಮೈನಸ್ 10ಕ್ಕೆ ಇಳಿಸುವ ಆಸೆ ಬೇಡ. ಹೊರಗೆ 24 ಡಿಗ್ರಿ ಇರುವಾಗ ಕೂಲರ್ ಪೂರ್ತಿ ಶಕ್ತಿಯಲ್ಲಿ ಓಡಿಯೂ ತಾಪ ಏರಿಳಿಯುತ್ತದೆ, ಸೆನ್ಸರಿನ ಗಾಜಿನ ಮೇಲೆ ನೀರೂ ಕಟ್ಟಬಹುದು. 0 ಡಿಗ್ರಿಯಲ್ಲಿ ಸ್ಥಿರವಾಗಿ ನಿಲ್ಲಿಸಿ ಅದೇ ತಾಪದ ಡಾರ್ಕ್ (ಮುಚ್ಚಳ ಹಾಕಿ ತೆಗೆದ ಕತ್ತಲೆಯ ಚಿತ್ರ) ತೆಗೆದರೆ ಸಾಕು. ಎಲ್ಲ ಸೇರಿ 12 ವೋಲ್ಟಿನಲ್ಲಿ ಆರೇಳು ಆಂಪಿಯರ್ ಬೇಕು. ಕರೆಂಟು ನಂಬದೆ 100 ಆಂಪಿಯರ್-ಅವರ್ ಬ್ಯಾಟರಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕ್ಯಾಮೆರಾ, ಕರೆಕ್ಟರ್ ಎಲ್ಲ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ. ಇಲ್ಲದಿದ್ದರೆ ಬೂಷ್ಟು ಗ್ಯಾರಂಟಿ.

ಎಕ್ಸ್‌ಪೋಷರ್ ಸಮಯದ ಮಿತಿ ಹೀಗೆ: ಒಂದು ಚಿತ್ರದ ಅವಧಿಯಲ್ಲಿ ಕ್ಷುದ್ರಗ್ರಹ ತನ್ನ ಚುಕ್ಕೆಯ ಅಗಲಕ್ಕಿಂತ ಹೆಚ್ಚು ಸರಿಯಬಾರದು. ನಿಮಿಷಕ್ಕೆ 0.6 ಆದರೆ ಐದು ನಿಮಿಷದವರೆಗೂ ಹೋಗಬಹುದು, ನಾನು 120ರಿಂದ 180 ಸೆಕೆಂಡಿಗೆ ನಿಲ್ಲಿಸುತ್ತೇನೆ. ಭೂಮಿಯ ಸಮೀಪ ಬಂದು ನಿಮಿಷಕ್ಕೆ 10 ಆರ್ಕ್‌ಸೆಕೆಂಡ್ ಓಡುವಂಥದ್ದಕ್ಕೆ 18 ಸೆಕೆಂಡೇ ಮಿತಿ. ಕ್ಯಾಮೆರಾದ ಗರಿಷ್ಠ ಎಣಿಕೆಯಾದ 65,535ರ ಅಳತೆಯಲ್ಲಿ ಹೋಲಿಕೆಯ ನಕ್ಷತ್ರದ ತುದಿ 45,000 ದಾಟದಿರಲಿ. ಡಿದರಿಂಗ್ (ಚಿತ್ರದಿಂದ ಚಿತ್ರಕ್ಕೆ ದೂರದರ್ಶಕವನ್ನು ತುಸು ಸರಿಸುವುದು) ಬೇಡ. ಅಂದದ ಚಿತ್ರಕ್ಕೆ ಅದು ಒಳ್ಳೆಯದು, ಅಳತೆಗೆ ನಕ್ಷತ್ರ ಅದೇ ಪಿಕ್ಸೆಲ್ ಮೇಲೆ ಕೂತಿರುವುದೇ ಒಳ್ಳೆಯದು. ಮೆರಿಡಿಯನ್ ಫ್ಲಿಪ್ (ಗುರಿ ಉತ್ತರ-ದಕ್ಷಿಣ ರೇಖೆ ದಾಟಿದಾಗ ಮೌಂಟ್ ಮಗುಚಿಕೊಳ್ಳುವುದು) ಆದ ಮೇಲೆ ಚಿತ್ರ ತಲೆಕೆಳಗಾಗಿ, ಫ್ಲಾಟ್‌ನ (ಧೂಳು, ಅಂಚಿನ ಮಂಕು ತಿದ್ದಲು ತೆಗೆಯುವ ಸಮಬೆಳಕಿನ ಚಿತ್ರ) ಸಣ್ಣ ದೋಷವೆಲ್ಲ 0.01, 0.02ರ ಜಿಗಿತವಾಗಿ ಕಾಣಿಸಿಕೊಳ್ಳುತ್ತದೆ. ಫ್ಲಿಪ್‌ಗೆ ಮುಂಚಿನದು ಒಂದು ಗುಂಪು, ನಂತರದ್ದು ಇನ್ನೊಂದು ಗುಂಪು ಎಂದು ಬೇರೆಯಾಗಿಯೇ ಅಳೆಯಿರಿ. ಗುರಿ ನೆತ್ತಿಯ ಮೇಲಿರುವಾಗ ಕ್ಯಾಮೆರಾ ಟ್ರೈಪಾಡಿನ ಕಾಲಿಗೆ ಬಡಿಯದಂತೆ ಹಗಲಲ್ಲೇ ಒಮ್ಮೆ ತಿರುಗಿಸಿ ನೋಡಿಕೊಳ್ಳಿ.

ಅಳೆಯುವಾಗ ಸೂರ್ಯನ ಬಣ್ಣಕ್ಕೆ ಹತ್ತಿರವಾದ ಐದು ನಕ್ಷತ್ರಗಳನ್ನು ಆರಿಸಿ, ಚುಕ್ಕೆಯ ಅಗಲದ ಒಂದೂವರೆಯಿಂದ ಎರಡು ಪಟ್ಟು ತ್ರಿಜ್ಯದ ವೃತ್ತ ಹಾಕುತ್ತೇನೆ. ಸಮಯ ಎಕ್ಸ್‌ಪೋಷರಿನ ನಡುವಿನದ್ದು, ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ). ಐದೂವರೆ ಗಂಟೆಯ ವ್ಯತ್ಯಾಸ ಮರೆತರೆ ಉಳಿದದ್ದೆಲ್ಲ ವ್ಯರ್ಥ. ಬೆಳಕು ಒಂದು ಖಗೋಳಮಾನ (ಭೂಮಿ-ಸೂರ್ಯರ ಸರಾಸರಿ ದೂರ) ದಾಟಲು 8.3 ನಿಮಿಷ ಬೇಕು. ಆ ತಿದ್ದುಪಡಿಯೂ ಸೇರಬೇಕು. ಮೊದಲ ಅಭ್ಯಾಸಕ್ಕೆ ಕ್ಲಿಯೋಪಾಟ್ರ ಎಂಬ ಕ್ಷುದ್ರಗ್ರಹ ಒಳ್ಳೆಯದು. ಡಂಬೆಲ್ ಆಕಾರದ ಕಾಯ, 5.385 ಗಂಟೆಗೆ ಒಂದು ಸುತ್ತು. ಒಂದು ಸುತ್ತಿಗೆ ಎರಡು ಏರು, ಎರಡು ಇಳಿವು ಎಂಬುದನ್ನು ಮರೆತವರಿಗೆ ಅರ್ಧ ಅವಧಿಯೇ ಉತ್ತರವಾಗಿ ಬರುತ್ತದೆ.

ಚಂದ್ರನ ಬೇಟೆಗೆ 2.2ರಿಂದ 4 ಗಂಟೆಯಲ್ಲಿ ತಿರುಗುವ, ಏರಿಳಿತ ಕಡಿಮೆಯಿರುವ ಸಣ್ಣ ಕಾಯ ಆರಿಸಬೇಕು. ಅದರ ತಿರುಗುವಿಕೆಯ ವಕ್ರರೇಖೆಯನ್ನು ಫೋರಿಯರ್ ಸರಣಿಯಿಂದ (ಅಲೆಗಳ ಮೊತ್ತದಿಂದ) ಹೊಂದಿಸಿ ಕಳೆಯಿರಿ. ಉಳಿಕೆಯಲ್ಲಿ ಒಂದೆರಡು ಗಂಟೆ ಅಗಲದ, ಚೂಪು ಭುಜದ ತಗ್ಗು ಕಂಡರೆ ಸಂಭ್ರಮಿಸುವ ಮೊದಲು ಮೂರು ಪರೀಕ್ಷೆ: ಹೋಲಿಕೆಯ ನಕ್ಷತ್ರಗಳ ಪರಸ್ಪರ ವ್ಯತ್ಯಾಸ ಆ ಹೊತ್ತಿನಲ್ಲಿ ಸಮತಟ್ಟಾಗಿದೆಯೇ, ಚುಕ್ಕೆಯ ಅಗಲ ಬದಲಾಗಿಲ್ಲವೇ, ತಗ್ಗು ಮರುಕಳಿಸುತ್ತದೆಯೇ. ಕ್ಷುದ್ರಗ್ರಹ ಮಂಕು ನಕ್ಷತ್ರದ ಮೇಲೆ ಹಾದರೆ ಬೆಳಕು ಹೆಚ್ಚುತ್ತದೆ. ಅದರ ಎರಡೂ ಬದಿ ತಗ್ಗಿನಂತೆ ಕಂಡು ಮೋಸಗೊಳಿಸುತ್ತದೆ. ಆ ಬಿಂದುಗಳನ್ನು ಕಿತ್ತುಹಾಕಿ.

ಮರುಕಳಿಸುವಿಕೆಯಲ್ಲೇ ಒಂದೇ ಊರಿನ ಮಿತಿ ಎದುರಾಗುತ್ತದೆ. ಡಿಡಿಮೋಸ್ ಎಂಬ ಕ್ಷುದ್ರಗ್ರಹದ ಚಂದ್ರ ಡೈಮಾರ್ಫೋಸ್ 11 ಗಂಟೆ 55 ನಿಮಿಷಕ್ಕೆ ಒಂದು ಸುತ್ತು ಬರುತ್ತಿತ್ತು. ಎರಡು ಸುತ್ತಿಗೆ 23 ಗಂಟೆ 50 ನಿಮಿಷ, ಅಂದರೆ ಪ್ರತಿ ರಾತ್ರಿ ಅದೇ ದೃಶ್ಯ ಹತ್ತೇ ನಿಮಿಷ ಮೊದಲು. ಎಂಟು ಗಂಟೆಯ ರಾತ್ರಿಯಲ್ಲಿ ಕಾಣದೆ ಉಳಿದ ಭಾಗ ನೋಡಲು ಮೂರು ವಾರಕ್ಕೂ ಹೆಚ್ಚು ಬೇಕು. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫೋಸ್‌ಗೆ ಡಿಕ್ಕಿ ಹೊಡೆದ ಮೇಲೆ ಅವಧಿ 11 ಗಂಟೆ 23 ನಿಮಿಷದ ಆಸುಪಾಸಿಗೆ ಇಳಿಯಿತು. ಈಗ ರಾತ್ರಿಗೆ 74 ನಿಮಿಷದ ಸರಿತ, ನಾಲ್ಕು ರಾತ್ರಿಯಲ್ಲಿ ಪೂರ್ತಿ ಸುತ್ತು ಮುಗಿಯುತ್ತದೆ. ತದ್ವಿರುದ್ಧ ಉದಾಹರಣೆ 1830 ಪೋಗ್ಸನ್. 1861ರಲ್ಲಿ ಮದ್ರಾಸಿನಿಂದ ಏಷ್ಯಾ ಎಂಬ ಕ್ಷುದ್ರಗ್ರಹ ಕಂಡುಹಿಡಿದ ನಾರ್ಮನ್ ಪೋಗ್ಸನ್ ಹೆಸರಿನದು. ಇದರ ಚಂದ್ರನ ಅವಧಿ ಸುಮಾರು 24.25 ಗಂಟೆ, ರಾತ್ರಿಗೆ ಹದಿನೈದೇ ನಿಮಿಷದ ಸರಿತ. ಉಡುಪಿಯೊಂದರಿಂದಲೇ ಪೂರ್ತಿ ಸುತ್ತು ನೋಡಬೇಕೆಂದರೆ ಮೋಡವಿಲ್ಲದ ಎರಡು ತಿಂಗಳು ಬೇಕು. ಇಂಥದ್ದಕ್ಕೆ ಯುರೋಪಿನಲ್ಲೊಬ್ಬರು, ಅಮೆರಿಕದಲ್ಲೊಬ್ಬರು ಜೊತೆಗಾರರನ್ನು ಮೊದಲೇ ಗೊತ್ತುಮಾಡಿಕೊಂಡು, ಎಲ್ಲರೂ ಒಂದೇ ಫಿಲ್ಟರ್, ಒಂದೇ ನಕ್ಷತ್ರಪಟ್ಟಿ ಬಳಸುವಂತೆ ಮಾತಾಡಿಕೊಂಡೇ ಶುರುಮಾಡುವುದು.