ಮಗುವಿಗೆ ಪಾಲಕ್ ಕೊಡುವ ಮುನ್ನ

ಪಾಲಕ್, ಬೀಟ್‌ರೂಟ್ ಒಳ್ಳೆಯವೇ. ಆದರೆ ಇವು ಮಣ್ಣಿನಿಂದ ನೈಟ್ರೇಟ್ ಎಂಬ ಸಾರಜನಕದ ಲವಣವನ್ನು ಹೀರಿಕೊಂಡು ಒಳಗೆ ಕೂಡಿಟ್ಟುಕೊಳ್ಳುತ್ತವೆ. ದೊಡ್ಡವರು ಸೊಪ್ಪು ಬಿಡಬೇಕಿಲ್ಲ, ಸುಮ್ನೆ ಹೆದರಬೇಡಿ. ಎಚ್ಚರ ಬೇಕಿರುವುದು ಎಳೆಯ ಮಕ್ಕಳಿಗೆ.

ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ಅದು ರಕ್ತ ಸೇರಿದರೆ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಮೆಥೆಮೊಗ್ಲೋಬಿನ್ ಆಗುತ್ತದೆ. ಅದಕ್ಕೆ ಆಮ್ಲಜನಕ ಹೊರುವ ಶಕ್ತಿಯಿಲ್ಲ. ಇದನ್ನು ಮತ್ತೆ ಸರಿಪಡಿಸುವ ಕಿಣ್ವ ಮೊದಲ ಕೆಲವು ತಿಂಗಳು ಮಗುವಿನಲ್ಲಿ ಕಡಿಮೆ. ಹಾಗಾಗಿ ಮಗು ನೀಲಿಗಟ್ಟಬಹುದು. 1945ರಲ್ಲಿ ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ ಇದಕ್ಕೂ ಬಾವಿ ನೀರಿನ ನೈಟ್ರೇಟಿಗೂ ಇರುವ ನಂಟನ್ನು ತೋರಿಸಿದರು.

ಮೊದಲ ಹೆಜ್ಜೆ: ಆರು ತಿಂಗಳವರೆಗೆ ಎದೆಹಾಲು ಮಾತ್ರ. ಸೊಪ್ಪಿನ ರಸ, ಬೀಟ್‌ರೂಟ್ ಜ್ಯೂಸ್ ಬೇಡವೇ ಬೇಡ.

ಎರಡನೆಯದು, ನೀರು. ನನ್ನ ಮಟ್ಟಿಗೆ ಸೊಪ್ಪಿಗಿಂತ ಇದೇ ದೊಡ್ಡ ಚಿಂತೆ. ಪುಡಿ ಹಾಲು ಕದಡುವುದು ಬೋರ್‌ವೆಲ್ ನೀರಿನಲ್ಲಾದರೆ ಮೊದಲು ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಕುಡಿಯುವ ನೀರಿನಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕರ್ನಾಟಕದ ಹಲವು ಕಡೆ ಅಂತರ್ಜಲ ಈ ಮಿತಿ ಮೀರಿದೆ ಎಂದು ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳೇ ಹೇಳುತ್ತವೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ! ಆರ್‌ಒ ಫಿಲ್ಟರ್ ಇದನ್ನು ಕಡಿಮೆ ಮಾಡುತ್ತದೆ.

ಆರು ತಿಂಗಳಾದ ಮೇಲೆ ರಾಗಿ ಸರಿ, ಬೇಳೆ ಕಟ್ಟಿನ ಜೊತೆ ಸೊಪ್ಪನ್ನು ಸ್ವಲ್ಪವೇ ಸೇರಿಸಿ. ದಂಟಿನಲ್ಲಿ ನೈಟ್ರೇಟ್ ಜಾಸ್ತಿ, ತೆಗೆದುಬಿಡಿ. ಎಲೆ ಬೇಯಿಸಿ, ಬಸಿದ ನೀರನ್ನು ಚೆಲ್ಲಿ. ಮಗುವಿಗೆ ಹೊಟ್ಟೆ ಕೆಟ್ಟಿದ್ದರೆ ಆ ದಿನಗಳಲ್ಲಿ ಪಾಲಕ್ ಬೇಡ.

ಬೆಳಿಗ್ಗೆ ಅರೆದಿಟ್ಟ ಪಾಲಕ್ ಸಂಜೆಗೆ ಉಣಿಸುವುದು ಉಂಟು, ಅಲ್ವಾ? ಅದನ್ನು ಬಿಡಿ. ಹೊರಗಿಟ್ಟ ಬೆಂದ ಸೊಪ್ಪಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ನೈಟ್ರೈಟ್ ಹೆಚ್ಚುತ್ತದೆ. ಅವತ್ತಿನದು ಅವತ್ತೇ ಮಾಡಿ, ಕೂಡಲೇ ತಿನ್ನಿಸಿ.

ತುಟಿ, ಉಗುರು ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗಿದರೆ, ಮಗು ಮಂಕಾದರೆ, ಏದುಸಿರು ಬಿಟ್ಟರೆ ತಕ್ಷಣ ಆಸ್ಪತ್ರೆಗೆ ಓಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಂಬಿ ಕೂರಬೇಡಿ, ಈ ತೊಂದರೆಯಲ್ಲಿ ಅದು ಸರಿಯಾದ ಅಂಕಿ ತೋರಿಸುವುದಿಲ್ಲ. ಏನು ತಿನ್ನಿಸಿದಿರಿ, ಯಾವ ನೀರು ಎಂದು ವೈದ್ಯರಿಗೆ ಹೇಳಿ. ಇದಕ್ಕೆ ಮೆಥಿಲೀನ್ ಬ್ಲೂ ಎಂಬ ಔಷಧ ಇದೆ. ಮನೆಯಲ್ಲಿ ಯಾರಿಗಾದರೂ ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇದ್ದರೆ ಅದನ್ನೂ ಮೊದಲೇ ತಿಳಿಸಿ. ಅಂಥವರಿಗೆ ಆ ಔಷಧದಿಂದಲೇ ಅಪಾಯವಾಗಬಹುದು.