ನೆಂಟರು ಬಂದಾಗ ಅಡುಗೆಮನೆಯೂ ಹರಟೆಗೆ ಸೇರಲಿ: ಹಳೆ ಮನೆ ಬದಲಿಸುವುದು ಹೇಗೆ?

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ಮನೆ ತುಂಬ ನೆಂಟರು. ಜಾತ್ರೆ ಇಲ್ಲದ ವರ್ಷವೂ ಯುಗಾದಿ, ಪಂಚಮಿ, ಸೀಮಂತ, ನಾಮಕರಣ ಅಂತ ಏನಾದರೂ ಇದ್ದೇ ಇರುತ್ತದೆ. ಹರಿಹರದಿಂದ ಅತ್ತೆ ಬರುತ್ತಾರೆ, ರಾಣೆಬೆನ್ನೂರಿನಿಂದ ಚಿಕ್ಕಪ್ಪ, ಬೆಂಗಳೂರಿನಿಂದ ಮಕ್ಕಳು, ಮೊಮ್ಮಕ್ಕಳು. ಆಗ ಮನೆಯೊಳಗೆ ಒಂದು ಸುತ್ತು ಹಾಕಿ ನೋಡಿ. ಎಲ್ಲರೂ ಪಡಸಾಲೆಯಲ್ಲಿ ಕೂತು ನಗುತ್ತಿರುತ್ತಾರೆ, ರೊಟ್ಟಿ ಬಡಿಯುವವರು ಮಾತ್ರ ಗೋಡೆಗೆ ಮುಖ ಮಾಡಿಕೊಂಡು, ಬೆವರು ಒರೆಸಿಕೊಳ್ಳುತ್ತಾ ಒಳಗೆ ಒಬ್ಬರೇ ನಿಂತಿರುತ್ತಾರೆ. ಹೊರಗೆ ಜೋರಾಗಿ ನಕ್ಕರೆ 'ಏನಂತೆ?' ಅಂತ ಅಲ್ಲಿಂದಲೇ ಕೂಗಿ ಕೇಳಬೇಕು. ಮನೆ ರಿಪೇರಿಗೆ ಲಕ್ಷಗಟ್ಟಲೆ ಖರ್ಚು ಮಾಡುವುದೇ ಆದರೆ ಮೊದಲು ಸರಿಯಾಗಬೇಕಾದದ್ದು ಇದು. ಟೈಲ್ಸ್ ಬಣ್ಣ, ಕಪಾಟಿನ ಹೊಳಪು ಎಲ್ಲ ಆಮೇಲೆ.

ಮೊದಲು ಅಳತೆ ಹಿಡಿಯಿರಿ

ಮೇಸ್ತ್ರಿಯನ್ನು ಕರೆಯುವ ಮೊದಲು ಒಂದು ಹಾಳೆ, ಒಂದು ಟೇಪು ತೆಗೆದುಕೊಳ್ಳಿ. ಮನೆಗೆ ಒಮ್ಮೆಗೆ ಎಷ್ಟು ಜನ ಬರುತ್ತಾರೆ, ಅವರಲ್ಲಿ ಎಷ್ಟು ಜನ ನೆಲದ ಮೇಲೆ ಕೂರಬಲ್ಲರು, ಎಷ್ಟು ಜನಕ್ಕೆ ಮಂಡಿನೋವು, ಎಷ್ಟು ಜನ ರಾತ್ರಿ ಉಳಿಯುತ್ತಾರೆ, ಇಷ್ಟನ್ನು ಬರೆದುಕೊಳ್ಳಿ. ಇಡೀ ಮನೆಯ ನಕ್ಷೆ ಇದರ ಮೇಲೆಯೇ ನಿಲ್ಲುತ್ತದೆ.

ಪಂಕ್ತಿಯ ಲೆಕ್ಕ ಸುಲಭ. ಚಕ್ಕಳಮಕ್ಕಳ ಹಾಕಿ ಕೂತವರಿಗೆ ಅಗಲದಲ್ಲಿ ಎರಡು ಅಡಿ ಬೇಕು. ಗೋಡೆಯಿಂದ ತಟ್ಟೆಯ ಅಂಚಿನ ತನಕ ಮೂರೂವರೆ ಅಡಿ ಹಿಡಿಯಿರಿ. ನಡುವೆ ಬಡಿಸುವವರು ಬಗ್ಗಿ ಓಡಾಡಲು ಮೂರು ಅಡಿ. ಅಂದರೆ ಎದುರುಬದುರು ಎರಡು ಸಾಲಿಗೆ ಹತ್ತು ಅಡಿ ಅಗಲ ಸಾಕು. ಹದಿನಾರು ಅಡಿ ಉದ್ದದ ಪಡಸಾಲೆ ಇದ್ದರೆ ಸಾಲಿಗೆ ಎಂಟರಂತೆ ಹದಿನಾರು ಜನ ಒಟ್ಟಿಗೆ ಊಟಕ್ಕೆ ಕೂರಬಹುದು. ಅದೇ ಆರು ಜನರ ಡೈನಿಂಗ್ ಟೇಬಲ್ ನೋಡಿ. ಟೇಬಲ್ಲೇ ಐದು ಅಡಿ ಉದ್ದ, ಮೂರು ಅಡಿ ಅಗಲ. ಸುತ್ತ ಕುರ್ಚಿ ಎಳೆಯಲು ಮೂರು ಮೂರು ಅಡಿ ಬಿಟ್ಟರೆ ಹನ್ನೊಂದಕ್ಕೆ ಒಂಬತ್ತು ಅಡಿ ಜಾಗ ಹೋಯಿತು, ಅದೂ ಆರೇ ಜನಕ್ಕೆ! ಹಾಗಾಗಿ ನಡುವೆ ಕದಲದ ದೊಡ್ಡ ಟೇಬಲ್ ಇಡಬೇಡಿ. ಮಂಡಿನೋವಿನ ಹಿರಿಯರಿಗೆ ಗೋಡೆಗೆ ಮಡಚುವಂಥ ನಾಲ್ಕು ಅಡಿಯ ಹಲಗೆ, ಎರಡು ಮೂರು ಮಡಚುವ ಕುರ್ಚಿ ಮಾಡಿಸಿ. ಅವರೂ ಅದೇ ಪಂಕ್ತಿಯ ತುದಿಯಲ್ಲೇ ಕೂತಂತಾಗುತ್ತದೆ, ಬೇರೆ ಕೋಣೆಯಲ್ಲಿ ಒಬ್ಬರೇ ಉಣ್ಣುವುದು ತಪ್ಪುತ್ತದೆ.

ಗೋಡೆ ಒಡೆಯುವ ಮುಂಚೆ

ಇಲ್ಲಿ ಅವಸರ ಮಾಡಲೇಬೇಡಿ. ಅಡುಗೆಮನೆ ಮತ್ತು ಪಡಸಾಲೆ ನಡುವಿನ ಗೋಡೆ ಎಷ್ಟು ದಪ್ಪ ಇದೆ ನೋಡಿ. ಗಾರೆ ಸೇರಿ ಐದಾರು ಇಂಚು ಇದ್ದರೆ ಅದು ಸಾಮಾನ್ಯವಾಗಿ ನಾಲ್ಕೂವರೆ ಇಂಚಿನ ಅಡ್ಡಗೋಡೆ. ಹತ್ತು ಇಂಚು ಇದ್ದರೆ ಒಂಬತ್ತು ಇಂಚಿನ ಗೋಡೆ. ಹಳೆಯ ಬಡಾವಣೆಗಳಲ್ಲಿ ಪಿಲ್ಲರ್ ಇಲ್ಲದ ಮನೆಗಳು ಬಹಳ, ಅಲ್ಲಿ ತಾರಸಿಯ ಭಾರವೆಲ್ಲ ಇಂಥ ದಪ್ಪ ಗೋಡೆಯ ಮೇಲೆಯೇ ಕೂತಿರುತ್ತದೆ. ಚಿತ್ರದುರ್ಗದ ಕಡೆಯ ಮಾಳಿಗೆ ಮನೆಗಳಲ್ಲಿ ತೊಲೆ, ಜಂತೆ ಯಾವ ಗೋಡೆಗೆ ಕೂತಿವೆ ಅಂತ ಬಗ್ಗಿ ಎದ್ದು ನೋಡಬೇಕು. ತೆಳ್ಳಗಿದೆ ಅಂದ ಮಾತ್ರಕ್ಕೆ ಭಾರ ಇಲ್ಲ ಅಂತಲೂ ಅಲ್ಲ. ಒಬ್ಬ ಸಿವಿಲ್ ಎಂಜಿನಿಯರ್ ಬಂದು ನೋಡಿ ಹೇಳುವ ತನಕ ಒಂದು ಇಟ್ಟಿಗೆಯನ್ನೂ ತೆಗೆಸಬೇಡಿ. ಅವರಿಗೆ ಕೊಡುವ ಫೀಸು ಇಡೀ ಖರ್ಚಿನಲ್ಲಿ ಚಿಕ್ಕದು, ಉಳಿಸುವುದು ಇಡೀ ಮನೆಯನ್ನು.

ಇನ್ನೊಂದು ವಿಷಯ. ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಮಳೆಗೆ ನೆಲ ಉಬ್ಬಿ, ಬೇಸಿಗೆಗೆ ಕುಗ್ಗಿ, ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಅಂಥ ಬಿರುಕು ಇದ್ದರೆ ಎಂಜಿನಿಯರ್‌ಗೆ ಮೊದಲೇ ತೋರಿಸಿ. ಅದರ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆಸಿದರೆ ಮುಂದಿನ ಬೇಸಿಗೆಗೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಪೂರ್ತಿ ಓಪನ್ ಕಿಚನ್ ಬೇಡ

ಗೋಡೆಯನ್ನು ಪೂರ್ತಿ ತೆಗೆಯುವುದು ಈಗ ಫ್ಯಾಷನ್. ನಮ್ಮ ಅಡುಗೆಗೆ ಅದು ಹೊಂದುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಂಜೆ ಮಂಡಕ್ಕಿ ಜೊತೆ ಮಿರ್ಚಿ ಕರಿಯದೆ ಇಲ್ಲಿ ನೆಂಟಸ್ತಿಕೆ ಮುಗಿಯುವುದಿಲ್ಲ. ಆ ಎಣ್ಣೆ ಹೊಗೆ, ಒಗ್ಗರಣೆ ಘಾಟು ಸೋಫಾ, ಪರದೆ, ಫ್ಯಾನ್ ರೆಕ್ಕೆ ಎಲ್ಲದಕ್ಕೂ ಅಂಟುತ್ತದೆ. ಗೋಡೆಯ ಕೆಳಭಾಗ ಹಾಗೇ ಇರಲಿ. ಮೇಲಿನ ಭಾಗದಲ್ಲಿ ಐದಾರು ಅಡಿ ಅಗಲದ ದೊಡ್ಡ ಕಿಂಡಿ ತೆಗೆಸಿ. ನೆಲದಿಂದ ಮೂರೂವರೆ ಅಡಿಗೆ ಶುರುವಾಗಿ, ಬಾಗಿಲಿನ ಲಿಂಟಲ್ ಮಟ್ಟಕ್ಕೆ ಮುಗಿಯಲಿ. ಕಿಂಡಿಯ ತಳಕ್ಕೆ ಒಂದು ಅಡಿ ಅಗಲದ ಗ್ರಾನೈಟ್ ಹಲಗೆ ಹಾಕಿಸಿದರೆ ಪಲ್ಯ, ಸಾರಿನ ಪಾತ್ರೆ ಅಲ್ಲಿಂದಲೇ ಹೊರಗೆ ದಾಟಿಸಬಹುದು. ಜಾರುವ ಗಾಜಿನ ಬಾಗಿಲು ಇಡಿಸಿ. ಕರಿಯುವಾಗ ಮುಚ್ಚಿ, ಉಳಿದ ಹೊತ್ತು ತೆರೆದಿಡಿ. ಮುಚ್ಚಿದಾಗಲೂ ಮುಖ ಕಾಣುತ್ತದೆ, ಅಲ್ವಾ?

ಒಂಬತ್ತು ಇಂಚಿನ ಗೋಡೆ ಆದರೆ ಮೊದಲು ತಾರಸಿಗೆ ಜಾಕಿ ಕೊಟ್ಟು, ಎಂಜಿನಿಯರ್ ಹೇಳಿದ ಅಳತೆಯ ಬೀಮ್ ಕೂರಿಸಿ, ಅದು ಗಟ್ಟಿಯಾದ ಮೇಲೆಯೇ ಕೆಳಗಿನ ಇಟ್ಟಿಗೆ ತೆಗೆಯಬೇಕು. ಈ ಕ್ರಮ ತಪ್ಪಬಾರದು.

ಅಡುಗೆ ಕಟ್ಟೆ: ಮನೆಯವರ ಎತ್ತರಕ್ಕೆ, ಅಂಗಡಿಯ ಅಳತೆಗಲ್ಲ

ಮಾಡ್ಯುಲರ್ ಕಿಚನ್ ಮಾಡುವವರು ಎಲ್ಲರಿಗೂ ಒಂದೇ ಎತ್ತರದ ಕಟ್ಟೆ ಹೇಳುತ್ತಾರೆ. ಒಪ್ಪಬೇಡಿ. ಜಾಸ್ತಿ ಹೊತ್ತು ಅಡುಗೆ ಮಾಡುವವರು ಚಪ್ಪಲಿ ಇಲ್ಲದೆ ನೇರವಾಗಿ ನಿಂತು ಮೊಣಕೈ ಮಡಚಲಿ. ನೆಲದಿಂದ ಮೊಣಕೈಗೆ ಎಷ್ಟು ಅಂತ ಅಳೆಯಿರಿ. ಹೆಚ್ಚುವ, ಕಲೆಸುವ ಕೆಲಸಕ್ಕೆ ಅದಕ್ಕಿಂತ ನಾಲ್ಕು ಇಂಚು ಕೆಳಗೆ ಕಟ್ಟೆ ಬರಬೇಕು. ಐದು ಅಡಿ ಎತ್ತರದವರಿಗೆ ಇದು ಸುಮಾರು 33 ಇಂಚು ಆಗುತ್ತದೆ.

ಆದರೆ ಜೋಳದ ರೊಟ್ಟಿಗೆ ಈ ಎತ್ತರ ಸರಿಬರುವುದಿಲ್ಲ. ರೊಟ್ಟಿ ಬಡಿಯಲು, ಹೋಳಿಗೆ ತಟ್ಟಲು ಮೇಲಿನಿಂದ ಭಾರ ಬೀಳಬೇಕು. ಎತ್ತರದ ಕಟ್ಟೆಯಲ್ಲಿ ಭುಜ ಎತ್ತಿ ಎತ್ತಿ ಬಡಿದರೆ ಹತ್ತು ರೊಟ್ಟಿಗೇ ಹೆಗಲು ಸೋಲುತ್ತದೆ, ನೆಂಟರು ಬಂದ ದಿನ ಐವತ್ತು ಅರವತ್ತು ರೊಟ್ಟಿ ಬೇಕಾಗುತ್ತದೆ. ಅದಕ್ಕೆ ಕಟ್ಟೆಯ ಎರಡೂವರೆ ಅಡಿ ಉದ್ದದ ಭಾಗವನ್ನು ಮೂರು ನಾಲ್ಕು ಇಂಚು ತಗ್ಗಿಸಿ ಕಟ್ಟಿಸಿ, ಅಂದರೆ 29-30 ಇಂಚಿಗೆ. ಈ ತಗ್ಗು ಕಟ್ಟೆ ಕಿಂಡಿಯ ಎದುರಿಗೇ ಇರಲಿ. ಒಲೆ ಅದರ ಪಕ್ಕದ ಗೋಡೆಗೆ ಬರಲಿ. ಆಗ ಬಡಿಯುವವರು ಪಡಸಾಲೆ ಕಡೆ ಮುಖ ಮಾಡಿ ಮಾತಾಡುತ್ತಾ ಬಡಿಯಬಹುದು, ಪಕ್ಕಕ್ಕೆ ತಿರುಗಿ ಹಂಚಿಗೆ ಹಾಕಬಹುದು. ಒಲೆಯನ್ನೇ ಕಿಂಡಿ ಮುಂದೆ ಇಡಿಸಿದರೆ ಪಡಸಾಲೆ ಫ್ಯಾನಿನ ಗಾಳಿಗೆ ಉರಿ ನಿಲ್ಲುವುದಿಲ್ಲ.

ಕಲ್ಲಿನ ವಿಷಯದಲ್ಲಿ ಕಪ್ಪು ಗ್ರಾನೈಟ್ ಬಿಟ್ಟು ಬೇರೆ ಯೋಚನೆ ಬೇಡ ಅನ್ನುತ್ತೇನೆ. ಬಿಳಿ ಕಲ್ಲು ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಅರಿಶಿನ ಬಿದ್ದರೆ ಕಲೆ ಹೋಗಿಸುವುದೇ ಒಂದು ಕೆಲಸ. ಕಟ್ಟೆ ಎರಡು ಅಡಿ ಆಳ ಇರಲಿ. ಮೇಲಿನ ಕಪಾಟು ಮತ್ತು ಕಟ್ಟೆ ನಡುವೆ ಎರಡು ಅಡಿ ಬಿಡಿ. ಕೆಳಗಿನ ಅರೆಗಳಿಗೆ ಕಡಪ ಕಲ್ಲು ಕೂರಿಸಿ ಬಾಗಿಲು ಮಾತ್ರ ಪ್ಲೈವುಡ್‌ನಲ್ಲಿ ಮಾಡಿಸಿದರೆ ಗೆದ್ದಲಿನ ಚಿಂತೆ ಕಡಿಮೆ, ಖರ್ಚೂ ಕಡಿಮೆ. ಪ್ಲೈವುಡ್ ತರುವಾಗ ಸಿಂಕ್ ಹತ್ತಿರದ ಭಾಗಕ್ಕೆ ಐ.ಎಸ್. 710 ಅಂತ ಮುದ್ರೆ ಇರುವುದನ್ನೇ ಕೇಳಿ, ಅದು ನೀರು ತಡೆಯುವ ಜಾತಿ.

ಸಿಲಿಂಡರನ್ನು ಕಪಾಟಿನೊಳಗೆ ಇಡುವುದಾದರೆ ಬಾಗಿಲಿನ ತಳದಲ್ಲಿ ಗಾಳಿಕಿಂಡಿ ಬಿಡಲೇಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಸೇರಿಕೊಳ್ಳುತ್ತದೆ. ಸುರಕ್ಷಾ ರಬ್ಬರ್ ನಳಿಕೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ಚಿಮಣಿ ಒಲೆಯಿಂದ 26 ರಿಂದ 30 ಇಂಚು ಮೇಲಿರಲಿ. ಅದರ ಪೈಪು ಗಿಡ್ಡಗೆ, ತಿರುವು ಕಡಿಮೆ ಇರುವಂತೆ ನೇರ ಹೊರಗೋಡೆಗೆ ಹೋಗಬೇಕು. ಎಲ್ಲ ಕಿಟಕಿ ಮುಚ್ಚಿಟ್ಟು ಚಿಮಣಿ ಹಾಕಿದರೆ ಎಷ್ಟು ದುಬಾರಿಯದಾದರೂ ಸರಿಯಾಗಿ ಎಳೆಯುವುದಿಲ್ಲ. ಹೊರಹೋಗುವಷ್ಟೇ ಗಾಳಿ ಒಳಗೂ ಬರಬೇಕಲ್ಲ.

ನೀರು ಮತ್ತು ಕರೆಂಟ್

ನೆಂಟರ ಮನೆಯಲ್ಲಿ ಮೊದಲು ಕೈಕೊಡುವುದು ಇವೆರಡೇ. ಹತ್ತು ಜನ ಊಟ ಮಾಡಿ ಒಟ್ಟಿಗೆ ಏಳುತ್ತಾರೆ, ಎಲ್ಲರೂ ಕೈ ತೊಳೆಯಲು ಅಡುಗೆಮನೆ ಸಿಂಕಿಗೇ ನುಗ್ಗುತ್ತಾರೆ. ಪಡಸಾಲೆಯ ಒಂದು ಮೂಲೆಯಲ್ಲಿ ಅಥವಾ ಹಿತ್ತಲ ಬಾಗಿಲ ಹತ್ತಿರ ಬೇಸಿನ್ ಇರಲಿ, ಸಾಧ್ಯವಾದರೆ ಎರಡು ನಲ್ಲಿ. ದೊಡ್ಡ ಪಾತ್ರೆ ತೊಳೆಯಲು ಹಿಂದೆ ತಗ್ಗಿನ ತೊಟ್ಟಿ ಬೇರೆಯೇ ಬೇಕು. ಕೊಳಾಯಿ ನೀರು ದಿನ ಬಿಟ್ಟು ದಿನ ಬರುವ ಕಡೆ ಸಂಪು, ಮೇಲಿನ ಟ್ಯಾಂಕು ಎರಡರ ಅಳತೆಯನ್ನೂ ನೆಂಟರು ಸೇರಿದ ದಿನದ ಲೆಕ್ಕಕ್ಕೆ ನೋಡಿ. ಹೊಲಸು ನೀರಿನ ಪೈಪಿಗೆ ನಾಲ್ಕು ಅಡಿಗೆ ಒಂದು ಇಂಚು ಇಳಿಜಾರು ಕೊಡಿಸಿ.

ಮಿಕ್ಸಿ, ಗ್ರೈಂಡರ್, ಓವನ್, ಫ್ರಿಜ್ ಎಲ್ಲ ಒಂದೇ ಬೋರ್ಡಿನಿಂದ ನಡೆಯಬಾರದು. ಓವನ್, ಇಂಡಕ್ಷನ್, ಗೀಸರ್‌ಗೆ 16 ಆಂಪಿಯರ್ ಪಾಯಿಂಟ್ ಹಾಕಿಸಿ, ಅದಕ್ಕೆ 4 ಚದರ ಮಿಲಿಮೀಟರ್ ತಂತಿಯನ್ನು ಮೇನ್ ಬೋರ್ಡಿನಿಂದಲೇ ಬೇರೆ ಎಳೆಸಿ. ನೀರಿನ ಹತ್ತಿರ ಕೆಲಸ ಮಾಡುವ ಜಾಗ ಆದ್ದರಿಂದ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಕಡ್ಡಾಯ ಅಂತ ತಿಳಿಯಿರಿ. ಲೋಡ್ ಜಾಸ್ತಿ ಆಗುವುದಾದರೆ ಬೆಸ್ಕಾಂನಲ್ಲಿ ಅರ್ಜಿ ಕೊಡಿ. ಗೋಡೆಗೆ ಗಾರೆ ಬೀಳುವ ಮುಂಚೆ ಪೈಪು, ತಂತಿ ಹೋದ ಜಾಗಕ್ಕೆ ಟೇಪು ಹಿಡಿದು ಫೋಟೊ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ಅದೇ ದಿಕ್ಕು ತೋರಿಸುವುದು.

ಪಡಸಾಲೆ

ನಿಮ್ಮದು ಹಳೆ ಮನೆ, ನೆಲಕ್ಕೆ ಕೆಂಪು ರೆಡ್ ಆಕ್ಸೈಡ್ ಗಾರೆ ಇದ್ದು ಬಿರುಕಿಲ್ಲ ಅಂದರೆ ದಯವಿಟ್ಟು ಒಡೆಸಬೇಡಿ. ಕೂರಲು ಅದರಷ್ಟು ತಂಪಾದ ನೆಲ ಇನ್ನೊಂದಿಲ್ಲ, ನಮ್ಮೂರಿನ ಬೇಸಿಗೆ ಎಂಥದ್ದು ಅಂತ ಗೊತ್ತೇ ಇದೆ. ಟೈಲ್ಸ್ ಹಾಕಿಸಲೇಬೇಕಾದರೆ ಜಾರದ ಜಾತಿಯದು ಆರಿಸಿ, ಸಂದುಗಳಿಗೆ ಎಪಾಕ್ಸಿ ತುಂಬಿಸಿ. ಇಲ್ಲದಿದ್ದರೆ ಪಂಕ್ತಿಯಲ್ಲಿ ಚೆಲ್ಲಿದ ಸಾರು ಸಂದಿಗೆ ಇಳಿದು ಕಪ್ಪಾಗುತ್ತದೆ. ಹಳೆ ನೆಲದ ಮೇಲೆಯೇ ಟೈಲ್ಸ್ ಕೂರಿಸಿದರೆ ನೆಲ ಸುಮಾರು ಒಂದು ಇಂಚು ಏರುತ್ತದೆ, ಬಾಗಿಲುಗಳನ್ನು ಕೆಳಗೆ ಕೊಯ್ಯಬೇಕಾಗುತ್ತದೆ ಅನ್ನುವುದು ನೆನಪಿರಲಿ.

ಭಾರದ ಸೋಫಾ ಸೆಟ್ ಬದಲು ಎರಡು ಗೋಡೆಗೆ ಉದ್ದಕ್ಕೂ 16 ಇಂಚು ಎತ್ತರದ ಕಟ್ಟೆ ಅಥವಾ ಮರದ ದಿವಾನ್ ಮಾಡಿಸಿ. ಹಗಲು ಕೂರಲು, ರಾತ್ರಿ ಮಲಗಲು, ಒಳಗೆ ಚಾಪೆ, ಜಮಖಾನ, ಚಳ್ಳಕೆರೆ ಕಂಬಳಿ ಎಲ್ಲ ತುಂಬಿಡಲು. ನಡುವಿನ ನೆಲ ಖಾಲಿ ಉಳಿಯುತ್ತದೆ. ಪಂಕ್ತಿಯ ದಿನ ಒಂದು ಸಾಲು ಈ ಕಟ್ಟೆಗೇ ಬೆನ್ನು ಕೊಟ್ಟು ಕೂರುತ್ತದೆ, ಆದ್ದರಿಂದ ಅಗಲ ಅಳೆಯುವಾಗ ಗೋಡೆಯಿಂದಲ್ಲ, ಕಟ್ಟೆಯ ಅಂಚಿನಿಂದ ಅಳೆಯಿರಿ. ಟಿವಿಯನ್ನು ಕಿಂಡಿಯಿಂದಲೂ ಕಾಣುವ ಗೋಡೆಗೆ ಹಾಕಿ. ದೀಪ ಪಡಸಾಲೆಗೆ ಹಳದಿ ಬೆಳಕು, ಅಡುಗೆ ಕಟ್ಟೆಗೆ ಬಿಳಿ ಬೆಳಕು.

ಹಿತ್ತಲು ಇದ್ದವರು ಅಲ್ಲೇ ಒಂದು ದೊಡ್ಡ ಒಲೆಯ ಜಾಗ ಮಾಡಿಕೊಳ್ಳಿ. ಮೇಲೆ ಶೀಟು, ಕೆಳಗೆ ಒರಟು ಕಲ್ಲಿನ ನೆಲ, ಪಕ್ಕದಲ್ಲಿ ಒಂದು ನಲ್ಲಿ. ಜಾತ್ರೆಯ ಅಡುಗೆ ದೊಡ್ಡ ಪಾತ್ರೆಯದು, ಒಳಗಿನ ಒಲೆಗೆ ಆ ಭಾರ ಹೊರಿಸುವುದು ಸುಮ್ನೆ ಕಷ್ಟ.

ಕೆಲಸದ ಸರದಿ ಮತ್ತು ದುಡ್ಡು

ಒಡೆಯುವುದು, ಬೀಮ್, ಪೈಪು ಮತ್ತು ತಂತಿ, ಗಾರೆ, ನೆಲ, ಗ್ರಾನೈಟ್, ಬಣ್ಣದ ಮೊದಲ ಕೋಟು, ಬಡಗಿ ಕೆಲಸ, ಕೊನೆಗೆ ಬಣ್ಣದ ಕೊನೆ ಕೋಟು. ಹೀಗೇ ಹೋಗಬೇಕು. ಬಡಗಿ ಬಿಡುವಾಗಿದ್ದಾರೆ ಅಂತ ಕಪಾಟು ಮೊದಲು ಮಾಡಿಸಿದರೆ ಟೈಲ್ಸ್ ಕೊಯ್ಯುವ ಧೂಳೆಲ್ಲ ಅದರೊಳಗೆ. ಹೊಸ ಗಾರೆಗೆ ಕನಿಷ್ಠ ಏಳು ದಿನ ನೀರು ಹಾಕಿ. ಮಾರ್ಚ್ ಮೇಲೆ ಇಲ್ಲಿ ಗೋಡೆ ಮಧ್ಯಾಹ್ನದೊಳಗೆ ಒಣಗುತ್ತದೆ, ದಿನಕ್ಕೆ ಮೂರು ಸಲವಾದರೂ ಹಾಕಬೇಕಾಗುತ್ತದೆ. ದೀಪಾವಳಿ ಮುಗಿಸಿ ಶುರು ಮಾಡಿದರೆ ಮಳೆಯೂ ಇಲ್ಲ, ಸುಡು ಬಿಸಿಲೂ ಇಲ್ಲ, ಯುಗಾದಿಗೆ ಮನೆ ಸಿದ್ಧ. ಅಷ್ಟರ ತನಕ ಒಂದು ಕೋಣೆಯಲ್ಲಿ ಒಲೆ, ನೀರಿನ ಡ್ರಮ್ಮು ಇಟ್ಟು ತಾತ್ಕಾಲಿಕ ಅಡುಗೆಮನೆ ಮಾಡಿಕೊಳ್ಳಿ, ಆ ಕೋಣೆಗೆ ಕಿಟಕಿ ಇರಲಿ.

ಅಂದಾಜಿನ ಮೇಲೆ ಹತ್ತರಲ್ಲಿ ಒಂದು ಪಾಲು ಹೆಚ್ಚು ದುಡ್ಡು ತೆಗೆದಿಡಿ. ಹಳೆ ಗೋಡೆ ಕೊರೆದಾಗ ತುಕ್ಕು ಹಿಡಿದ ಪೈಪು ಸಿಕ್ಕೇ ಸಿಗುತ್ತದೆ. ಕೆಲಸದವರಿಗೆ ಒಂದೊಂದು ಹಂತ ಮುಗಿದ ಹಾಗೆ ಕೊಡುತ್ತಾ ಹೋಗಿ, ಕೊನೆಯ ಕಂತನ್ನು ಪರೀಕ್ಷೆ ಆಗುವ ತನಕ ಉಳಿಸಿಕೊಳ್ಳಿ. ಪರೀಕ್ಷೆ ಅಂದರೆ ಇಷ್ಟೇ: ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟು ನೀರು ಎಲ್ಲೂ ನಿಲ್ಲುವುದಿಲ್ಲ ಅಂತ ನೋಡಿ, ಪಾತ್ರೆ ತೊಳೆಯುವ ಜಾಗದಲ್ಲಿ ಒಂದು ದಿನ ನೀರು ಕಟ್ಟಿ ನಿಲ್ಲಿಸಿ ಪಕ್ಕದ ಗೋಡೆ ಒದ್ದೆಯಾಗುತ್ತದಾ ಗಮನಿಸಿ, ಗ್ರೈಂಡರ್, ಓವನ್ ಒಮ್ಮೆಗೇ ಹಾಕಿ, ಕಿಂಡಿ ತೆರೆದು ಒಂದು ಒಬ್ಬೆ ಮಿರ್ಚಿ ಕರಿದು ಹೊಗೆ ಯಾವ ಕಡೆ ಹೋಗುತ್ತದೆ ನೋಡಿ. ಎಲ್ಲ ಸರಿ ಇದ್ದರೆ ಕಂತು ಕೊಡಿ. ಉಳಿದ ಟೈಲ್ಸ್‌ನಲ್ಲಿ ಒಂದು ಪೆಟ್ಟಿಗೆ ಅಟ್ಟದ ಮೇಲೆ ಇಟ್ಟುಕೊಳ್ಳಿ, ಮುಂದೆ ಒಂದು ಒಡೆದರೆ ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ.